ತಗಡಿನ ಉಗುರು, ಪ್ಲಾಸ್ಟಿಕ್ ಉಗುರು

ಉಗುರಿನ ವಿಷಯದಲ್ಲಿ ಇನ್ನೊಬ್ಬರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗೆ ಖಂಡಿತ ಇಲ್ಲ. ಶಾಲೆಯಲ್ಲಿ ಪ್ರತಿ ಸೋಮವಾರ ಮಕ್ಕಳ ಕೈ ಚಾಚಿಸಿ ಉಗುರು ನೋಡುತ್ತಿದ್ದ ಕನ್ನಡ ಟೀಚರು ನಾನು. ನೋಡಿ ಮುಗಿಯುವ ತನಕ ನನ್ನ ಎರಡು ಕೈಗಳನ್ನು ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದೆ. ಉಗುರು ಕಚ್ಚುವ ಚಟ ಪೆನ್ಷನ್ ಬಂದ ಮೇಲೂ ಬಿಟ್ಟಿಲ್ಲ. ಹೀಗಿರುವ ನಾನು ಮೊನ್ನೆ ಮಗಳು ಪ್ರೇಕ್ಷಾಳ ಮೇಲೆ ಉಗುರಿನ ಕಾರಣಕ್ಕೆ ಬೊಬ್ಬೆ ಹೊಡೆದೆ.

ಗೆಳತಿಯ ಮದುವೆಗೆಂದು ಅವಳು ಹತ್ತು ಬೆರಳಿಗೂ ಸುಳ್ಳು ಉಗುರು ಅಂಟಿಸಿಕೊಂಡಿದ್ದಳು. ಮದುವೆ ಮುಗಿಯಿತು, ಉಗುರು ಬಿಡಲಿಲ್ಲ. ಫಳ್ನೀರಿನ ನಮ್ಮ ಫ್ಲಾಟಿನ ಸೋಫಾದಲ್ಲಿ ಕಾಲು ಮಡಚಿ ಕುಳಿತು ಒಂದು ಕೈಯಲ್ಲಿ ಮೊಬೈಲು ನೋಡುತ್ತಾ ಇನ್ನೊಂದು ಕೈಯ ಹೆಬ್ಬೆರಳನ್ನು ಹಲ್ಲಿಗೆ ಕೊಟ್ಟು ಎಳೆಯಲು ಹೊರಟಿದ್ದಳು. "ಬಾಯಿಂದ ತೆಗಿ ಅದನ್ನು" ಎಂದು ನಾನು ಕೂಗಿದ ರಭಸಕ್ಕೆ ಮೊಬೈಲು ಕೆಳಗೆ ಬಿತ್ತು.

"ಎಂತ ಅಮ್ಮ, ಹೆದರಿಸಿಬಿಟ್ಟಿರಿ. ಒಂದು ಉಗುರಿಗೆ ಇಷ್ಟು ಜೋರು ಮಾಡುದಾ?"

ಮೊದಲು ಉದ್ದ ಇರುವ ಭಾಗವನ್ನು ಕತ್ತರಿಸು, ಎಂದೆ. ಆಮೇಲೆ ಒಂದು ಬಟ್ಟಲಿನಲ್ಲಿ ಕೈಗೆ ಹಿತವಾಗುವಷ್ಟು ಬಿಸಿನೀರು, ಸ್ವಲ್ಪ ಸೋಪು. ಬೆರಳಿನ ಚರ್ಮ ನಿರಿಗೆ ಕಟ್ಟುವವರೆಗೆ ಮುಳುಗಿಸಿಟ್ಟುಕೊಂಡು ಕೂತಿರು. ನಂತರ ಅಂಚಿನಲ್ಲಿ ತೆಂಗಿನೆಣ್ಣೆ ಬಿಟ್ಟು ಮೊಂಡು ಕಡ್ಡಿಯಿಂದ ಮೆಲ್ಲ ಬದಿಯಿಂದ ಸರಿಸಬೇಕು. ಸರಿಯದಿದ್ದರೆ ಪುನಃ ನೀರಿಗೆ. ನೋವಾಯಿತೆಂದರೆ ಅಲ್ಲಿಗೇ ನಿಲ್ಲಿಸಬೇಕು. ಎಳೆಯಬಾರದು, ಕೀಳಬಾರದು. ಎಲ್ಲ ಮುಗಿದ ಮೇಲೆ ಉಗುರಿಗೂ ಬುಡಕ್ಕೂ ಎಣ್ಣೆ ಹಚ್ಚಿ ಬಿಟ್ಟುಬಿಡಬೇಕು.

ಮಗಳು ಕಣ್ಣು ದೊಡ್ಡದು ಮಾಡಿದಳು. ಇದ್ದಿಲಲ್ಲಿ ಹಲ್ಲುಜ್ಜಿದ ಕಾಲದ ತಾಯಿಗೆ ಇದೆಲ್ಲ ಎಲ್ಲಿಂದ ಗೊತ್ತು ಎಂಬುದು ಅವಳ ಪ್ರಶ್ನೆ. ನಾನು ನೀರು ಬಿಸಿಗಿಡಲು ಎದ್ದೆ. ಪಕ್ಕದ ಕುರ್ಚಿಯಲ್ಲಿ ನನ್ನ ಅಕ್ಕ, ವಾರಿಜಕ್ಕ, ಕುಳಿತಿದ್ದಳು. ಅವಳೆದುರು ಆ ಮಾತು ತೆಗೆಯುವಂತಿಲ್ಲ. ಅದಕ್ಕೇ ಈಗ ನಿಮಗೆ ಹೇಳುತ್ತಿದ್ದೇನೆ. ನೀವು ಅಕ್ಕನಿಗೆ ಹೇಳಲಿಕ್ಕೆ ಹೋಗಬೇಡಿ.

ನಾವಿದ್ದದ್ದು ಬೋಳಾರದಲ್ಲಿ, ಮಂಗಳಾದೇವಿ ದೇವಸ್ಥಾನಕ್ಕೆ ಹೋಗುವ ಓಣಿಯ ಬಾಡಿಗೆ ಮನೆಯಲ್ಲಿ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಪ್ಪ, ಅಮ್ಮ, ವಾರಿಜಕ್ಕ, ನಾನು. ಅಪ್ಪ ಗುತ್ತಿನ ಮನೆಯವರು, ಎಂದರೆ ಊರಿನ ದೊಡ್ಡ ಜಮೀನ್ದಾರರ ಮನೆತನ. ಭೂಮಸೂದೆಯಲ್ಲಿ ಗದ್ದೆಗಳೆಲ್ಲ ಒಕ್ಕಲುಗಳ ಪಾಲಾದವು. ಉಳುವವರಿಗೆ ಗದ್ದೆ ಸಿಕ್ಕಿದ್ದು ನ್ಯಾಯವೇ, ಅದರ ಬಗ್ಗೆ ನನಗೇನೂ ಸಿಟ್ಟಿಲ್ಲ. ನನ್ನ ಸಿಟ್ಟು ಅಪ್ಪನ ಆರಾಮ ಕುರ್ಚಿಯ ಮೇಲೆ. ಗದ್ದೆ ಹೋಯಿತು, ಮನೆ ಹೋಯಿತು, ಆ ಕುರ್ಚಿ ಮಾತ್ರ ಎತ್ತಿನಗಾಡಿಯಲ್ಲಿ ನಮ್ಮ ಜೊತೆ ಪೇಟೆಗೆ ಬಂತು. ಅದನ್ನು ಜಗಲಿಯಲ್ಲಿ ಹಾಕಿಕೊಂಡು ಅಪ್ಪ ಕುಳಿತರು. ಆಮೇಲೆ ಎದ್ದದ್ದು ಊಟಕ್ಕೆ, ಸ್ನಾನಕ್ಕೆ, ದೇವಸ್ಥಾನಕ್ಕೆ. ಕೆಲಸಕ್ಕೆ ಎದ್ದದ್ದನ್ನು ನಾನು ಕಂಡಿಲ್ಲ.

ಒಲೆ ಉರಿಯುತ್ತಿದ್ದದ್ದು ಬೀಡಿಯಿಂದ. ಅಮ್ಮ ಮತ್ತು ಅಕ್ಕ ನಡುಕೋಣೆಯಲ್ಲಿ ಎಲೆ, ಹೊಗೆಸೊಪ್ಪು ಹರಡಿದ ಗೆರಸೆ ಎದುರಿಟ್ಟುಕೊಂಡು ಬೆಳಗಿನಿಂದ ಬೀಡಿ ಕಟ್ಟುತ್ತಿದ್ದರು. ಊರಿಡೀ ಹೆಂಗಸರು ಕಟ್ಟುತ್ತಿದ್ದ ಬೀಡಿ ಅದು. ಜಗಲಿಯಲ್ಲಿ ಕೂತು ಹರಟುತ್ತಾ, ರೇಡಿಯೋ ಕೇಳುತ್ತಾ ಕಟ್ಟುವವರೇ ಎಲ್ಲ. ನಮ್ಮ ಮನೆಯಲ್ಲಿ ಮಾತ್ರ ಅದು ಕದ್ದು ಮಾಡುವ ಕೆಲಸ. ಗುತ್ತಿನವರ ಹೆಣ್ಣುಮಕ್ಕಳು ಬೀಡಿ ಕಟ್ಟುವುದೆಂದರೇನು? ಓಣಿಯ ಕಡೆಗಿದ್ದ ಕಿಟಕಿಯನ್ನು ಹಗಲಿಡೀ ಮುಚ್ಚಬೇಕೆಂದು ಅಪ್ಪನ ಕಟ್ಟಪ್ಪಣೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ, ಹೊಗೆಸೊಪ್ಪಿನ ಧೂಳಿನಲ್ಲಿ ಅಕ್ಕ ಸೀನಿದರೂ ಸೆರಗಿನೊಳಗೆ ಸೀನಬೇಕು. ಜಗಲಿಗೆ ಬಂದ ನೆಂಟರು ಮೂಗು ಉಜ್ಜಿಕೊಂಡರೆ ಅಪ್ಪ, "ಪಕ್ಕದ ಮನೆಯವರು ಬೀಡಿ ಕಟ್ತಾರೆ, ಅದರ ವಾಸನೆ" ಅನ್ನುತ್ತಿದ್ದರು.

ಪಕ್ಕದ ಮನೆಯ ಐಸಮ್ಮ ಬೀಡಿ ಕಟ್ಟುತ್ತಿದ್ದದ್ದು ನಿಜ. ಅವಳೇ ನಮ್ಮ ಬೀಡಿಯನ್ನೂ ತನ್ನ ಬೀಡಿಯ ಜೊತೆ ಬುಟ್ಟಿಯಲ್ಲಿಟ್ಟು ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ದು, ಎಲೆ, ಹೊಗೆಸೊಪ್ಪು ತರುತ್ತಿದ್ದವಳು. ಅಪ್ಪನ ಮಾತು ಅವಳ ಕಿವಿಗೆ ಬಿದ್ದಾಗ ನಕ್ಕುಬಿಟ್ಟಿದ್ದಳು. "ನನ್ನ ಬೀಡಿದು ವಾಸನೆ ಬರುದಾದ್ರೆ ಬಂಗುಡೆ ಸಾರಿದೂ ಬರ್ಬೇಕಲ್ಲ ಅಮ್ಮ" ಎಂದಿದ್ದಳು. ಅಮ್ಮನಿಗೆ ಮುಖ ಎಲ್ಲಿಡುವುದೆಂದು ಗೊತ್ತಾಗಲಿಲ್ಲ.

"ನಮ್ಮ ಹೆಣ್ಣುಮಕ್ಕಳು ಹೊರಗೆ ದುಡಿಯಲಿಕ್ಕೆ ಹೋಗುವವರಲ್ಲ" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಮಾತು ಸುಳ್ಳಲ್ಲ ನೋಡಿ. ಹೊರಗೆ ಹೋಗುತ್ತಿರಲಿಲ್ಲ. ಹಾಗೆ ಹೇಳುತ್ತಾ ಅವರು ಹಚ್ಚುತ್ತಿದ್ದ ಸಿಗರೇಟು ಅಕ್ಕನ ಬೆರಳಿನ ದುಡಿಮೆಯಿಂದ ಬಂದದ್ದು. ಬೀಡಿಯನ್ನು ಅವರು ಬಾಯಿಗಿಡುತ್ತಿರಲಿಲ್ಲ, ಅದು ಅವರ ಅಂತಸ್ತಿಗೆ ಕಡಿಮೆ.

ಅಕ್ಕನ ಬಲಗೈ ಹೆಬ್ಬೆರಳಲ್ಲಿ ಒಂದು ತಗಡಿನ ಉಗುರಿತ್ತು. ಬೀಡಿ ಕಟ್ಟುವವರಿಗೆ ಅದು ಗೊತ್ತು. ಸುರುಳಿ ಮಾಡಿದ ಎಲೆಯ ಬಾಯಿಯನ್ನು ಒಳಗೆ ಮಡಚಿ ಒತ್ತಲಿಕ್ಕೆ ನಿಜವಾದ ಉಗುರು ಎಷ್ಟು ದಿನ ಬಾಳೀತು? ಡಬ್ಬದ ತಗಡನ್ನು ಉಗುರಿನ ಆಕಾರಕ್ಕೆ ಕತ್ತರಿಸಿ, ಬಾಗಿಸಿ, ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಜಾರದ ಹಾಗೆ ನೂಲು ಸುತ್ತುವುದು. ಅಕ್ಕ ಸ್ನಾನಕ್ಕೆ ಬಿಟ್ಟರೆ ಅದನ್ನು ತೆಗೆಯುತ್ತಿರಲಿಲ್ಲ. ಅದರ ಅಡಿಯ ಉಗುರು ಚಪ್ಪಟೆಯಾಗಿ, ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ತೋರುಬೆರಳೂ ಹಾಗೆಯೇ. ನನಗೆ ಆ ತಗಡಿನ ಉಗುರಿನ ಮೇಲೆ ಭಾರೀ ಆಸೆ. ಶಾಲೆಯ ಅಂಗಳದ ಗುಲ್‌ಮೊಹರ್ ಮರದಿಂದ ಬಿದ್ದ ಮೊಗ್ಗು ಬಿಡಿಸಿ, ಎಸಳನ್ನು ಸೀಳಿ, ಎಂಜಲು ಹಚ್ಚಿ ಬೆರಳಿಗೆ ಅಂಟಿಸಿಕೊಂಡು, ಮನೆಗೆ ಬಂದು ಅಕ್ಕನ ಕೈಯ ಪಕ್ಕ ಇಟ್ಟು "ಯಾರದ್ದು ಚಂದ?" ಎಂದು ಕೇಳುತ್ತಿದ್ದೆ. "ನಿನ್ನದೇ. ಅದನ್ನು ಯಾವಾಗ ಬೇಕಾದ್ರೂ ತೆಗೀಬಹುದು" ಎನ್ನುತ್ತಿದ್ದಳು ಅಕ್ಕ.

ಅಂಥ ಹೊತ್ತಿನಲ್ಲಿ ಉರ್ವದಿಂದ ಒಂದು ಸಂಬಂಧ ಬಂತು. ಹುಡುಗ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ, ತಾಯಿ ಮಾತ್ರ ಇದ್ದರು. ಅವರದ್ದೂ ಒಂದು ಕಾಲದ ಗುತ್ತಿನ ಮನೆಯೇ. ಅಕ್ಕನಿಗೆ ಈ ಸಂಬಂಧ ಬೇಕಿತ್ತು. ಬಾಯಿ ಬಿಟ್ಟು ಹೇಳುವವಳಲ್ಲ, ಆದರೆ ಮಲಗುವಾಗ ನನ್ನ ಹತ್ತಿರ ಹೇಳಿದ್ದಳು, "ಅಲ್ಲಿ ಎಂತ ಇಲ್ಲದಿದ್ರೂ ಅಡ್ಡಿಲ್ಲ. ಕಿಟಕಿ ತೆಗೆದಿಟ್ಟು ಕೂತ್ಕೊಳ್ಬಹುದಲ್ಲ." ಅವಳ ಆಸೆ ಅಷ್ಟೇ ಇತ್ತು. ಮೈತುಂಬ ಚಿನ್ನ ಕೇಳಲಿಲ್ಲ, ಮಾಳಿಗೆ ಮನೆ ಕೇಳಲಿಲ್ಲ.

ಅದೇ ವಾರ ನಮ್ಮ ಮಾವನ ಹೆಂಡತಿ, ಬೊಂಬಾಯಿ ಮಾಮಿ, ಊರಿಗೆ ಬಂದಿದ್ದರು. ಮಾವನಿಗೆ ಅಲ್ಲಿ ಹೋಟೆಲು. ಮಾಮಿಯ ಸೀರೆ, ಸೆಂಟು, ಮಾತು ಎಲ್ಲವೂ ನಮಗಿಂತ ಒಂದು ಗಾತ್ರ ದೊಡ್ಡದು. ಅಕ್ಕನ ಕೈ ಹಿಡಿದು ನೋಡಿ ಹಣೆ ಚಚ್ಚಿಕೊಂಡರು. "ಈ ಕೈ ತೋರ್ಸಿದ್ರೆ ಹುಡುಗನ ಕಡೆಯವರು ಬರುದಿಲ್ಲ ಮಾರಾಯ್ತಿ, ಬೀಡಿ ಬ್ರಾಂಚಿನವರೇ ಬರ್ತಾರೆ."

ಮಾಮಿಯ ಪೆಟ್ಟಿಗೆಯಲ್ಲಿ ಉಪಾಯ ಇತ್ತು. ದುಬಾಯಿ ಸಾಮಾನು ಮಾರುವ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಉಗುರುಗಳು, ಜೊತೆಗೆ ಒಂದು ಪುಟ್ಟ ಟ್ಯೂಬು ಗೋಂದು. ಅಕ್ಕನ ತಗಡಿನ ಉಗುರನ್ನು ಬಿಚ್ಚಿ ಕಿಟಕಿಯ ದಂಡೆಯಲ್ಲಿಟ್ಟರು. ಬೆರಳುಗಳನ್ನು ಹುಣಸೆಹುಳಿಯಿಂದ ತಿಕ್ಕಿದರು. ಒಂದೊಂದೇ ಉಗುರು ಅಂಟಿಸಿ ಕೆಂಪು ಬಣ್ಣ ಹಚ್ಚಿದರು. ತೆಗೆಯುವ ಕ್ರಮವನ್ನೂ ಆಗಲೇ ಹೇಳಿಕೊಟ್ಟರು. ಬಿಸಿನೀರು, ಸೋಪು, ತೆಂಗಿನೆಣ್ಣೆ. "ಎಳೆದ್ರೆ ನಿನ್ನ ಉಗುರೂ ಒಟ್ಟಿಗೆ ಬರ್ತದೆ, ಜಾಗ್ರತೆ. ನಿಧಾನ ಮಾಡ್ಬೇಕು." ನಾನು ಬಾಯಿಪಾಠ ಮಾಡಿಕೊಂಡೆ. ಪಾಠದಲ್ಲಿ ಮಗ್ಗಿ ಹತ್ತದ ನನ್ನ ತಲೆಗೆ ಇದು ಮಾತ್ರ ಒಂದೇ ಸಲಕ್ಕೆ ಹತ್ತಿತು.

ಅಕ್ಕ ತನ್ನ ಕೈಯನ್ನು ತಾನೇ ನೋಡುತ್ತಾ ಕುಳಿತಳು. ಅದು ಬೇರೆ ಯಾರದೋ ಕೈ ಆಗಿತ್ತು.

ಹುಡುಗನ ಕಡೆಯವರು ಬರುವ ದಿನ ಐಸಮ್ಮ ನಮ್ಮ ಮನೆ ಕಡೆ ತಲೆ ಹಾಕಕೂಡದು ಎಂದು ಅಪ್ಪ ಹೇಳಿ ಕಳುಹಿಸಿದ್ದರು. ಗೆರಸೆ, ಎಲೆ, ಕತ್ತರಿ ಎಲ್ಲ ಮಂಚದ ಅಡಿಗೆ ಹೋದವು. ಊದುಬತ್ತಿ ಹಚ್ಚಿದೆವು. ಹುಡುಗ ಮೆತ್ತಗಿನ ಮನುಷ್ಯ. ಅಕ್ಕನ ಹತ್ತಿರ ಒಂದೇ ಮಾತು ಕೇಳಿದ, "ರೇಡಿಯೋ ಕೇಳ್ತೀರಾ?" ಅಕ್ಕ "ಕೇಳ್ತೇನೆ" ಎಂದು ನಕ್ಕಳು. ಅವನೂ ನಕ್ಕ. ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ಮದುವೆ ಆಗಿಯೇ ಹೋಯಿತು ಅನಿಸಿತು.

ಹುಡುಗನ ತಾಯಿ ಮಾತ್ರ ನಗಲಿಲ್ಲ. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಇದ್ದರು. ಚಾ ಕೊಟ್ಟರೆ ಎಡಗೈಯಲ್ಲಿ ಲೋಟ ಹಿಡಿದರು. ಎಂಥ ಜಂಭದ ಹೆಂಗಸು ಎಂದು ಅಮ್ಮ ಒಳಗೆ ಬಂದು ಪಿಸುಗುಟ್ಟಿದಳು. ಅವರು ಅಕ್ಕನ ಉಗುರುಗಳನ್ನೇ ನೋಡುತ್ತಿದ್ದರು. ಕೊನೆಗೆ ಕೇಳಿದರು, "ಮನೆಕೆಲಸ ಎಲ್ಲ ಅಭ್ಯಾಸ ಉಂಟಲ್ಲ?"

ಅಪ್ಪ ಕುರ್ಚಿಯಲ್ಲಿ ನೆಟ್ಟಗಾದರು. "ಅದಕ್ಕೆಲ್ಲ ನಮ್ಮಲ್ಲಿ ಜನ ಉಂಟು. ಒಂದು ಕಡ್ಡಿ ಎತ್ತಿಟ್ಟು ಗೊತ್ತಿಲ್ಲ ನಮ್ಮ ಹುಡುಗಿಗೆ. ಕೈ ನೋಡಿದ್ರೆ ತಿಳೀತದಲ್ಲ."

"ತಿಳೀತದೆ" ಎಂದರು ಆಕೆ.

ಹೇಳಿ ಕಳುಹಿಸುತ್ತೇವೆ ಎಂದು ಹೋದರು. ನಿಶ್ಚಯವಾಗುವವರೆಗೆ ಉಗುರು ತೆಗೆಯುವುದು ಬೇಡ, ಅವರು ಯಾವಾಗ ಬೇಕಾದರೂ ಪುನಃ ಬಂದಾರು ಎಂದು ಅಪ್ಪ ತೀರ್ಮಾನ ಕೊಟ್ಟರು. ಮಾಮಿ ಬೊಂಬಾಯಿ ಬಸ್ಸು ಹತ್ತಿದರು. ಆ ಉಗುರಿನಲ್ಲಿ ಬೀಡಿ ಕಟ್ಟುವುದು ಸಾಧ್ಯವಿರಲಿಲ್ಲ. ಹೀಗಾಗಿ ಅಕ್ಕನಿಗೆ ಜೀವಮಾನದಲ್ಲಿ ಮೊದಲ ಸಲ ರಜೆ ಸಿಕ್ಕಿತು.

ಅಮ್ಮ ಹಿತ್ತಿಲ ಕೋಣೆಗೆ ಹೋಗಿ ಒಬ್ಬಳೇ ಕಟ್ಟುತ್ತಿದ್ದಳು. ನಡುಕೋಣೆಯಲ್ಲಿ ಬೀಡಿ ಇಲ್ಲದ್ದರಿಂದ ಕಿಟಕಿ ತೆಗೆದೆವು. ಅಕ್ಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅದರ ಎದುರು ಕುಳಿತಳು. ದೇವಸ್ಥಾನಕ್ಕೆ ಹೋಗುವವರು, ಮೀನಿನ ಹೆಂಗಸರು, ಐಸಮ್ಮನ ಕೋಳಿಗಳು, ಎಲ್ಲವನ್ನೂ ನೋಡಿದಳು. ಊಟ ಒಂದೇ ಫಜೀತಿ. ಉಗುರಿನ ಅಡಿಗೆ ಅನ್ನ ಹೋಗುತ್ತಿತ್ತು, ಮೀನಿನ ಮುಳ್ಳು ಬಿಡಿಸಲು ಆಗುತ್ತಿರಲಿಲ್ಲ. ನಾನೇ ಬಿಡಿಸಿ ತಿನ್ನಿಸಿದೆ. ಕಚ್ಚಿ ಕಚ್ಚಿ ಮೊಂಡಾದ ನನ್ನ ಬೆರಳುಗಳು ಜೀವನದಲ್ಲಿ ಒಂದು ಉಪಕಾರಕ್ಕೆ ಬಂದದ್ದು ಆಗ ಮಾತ್ರ. ಅಕ್ಕ ಹಾಡು ಗುನುಗುವುದನ್ನು ಕೇಳಿದೆ. ಅವಳಿಗೆ ಹಾಡಲು ಬರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಮ್ಮ ಒಬ್ಬಳೇ ಕಟ್ಟಿದ್ದು ಅಕ್ಕಿಗೆ ಸಾಕಾಗುತ್ತಿತ್ತು, ಸಿಗರೇಟಿಗೆ ಸಾಲುತ್ತಿರಲಿಲ್ಲ. ಒಂದು ಸಂಜೆ ಬಾವಿಕಟ್ಟೆಯ ಹಿಂದೆ ಅಪ್ಪ ನಿಂತಿದ್ದರು. ಬೆನ್ನು ತಿರುಗಿಸಿಕೊಂಡು, ಅಂಗೈಯ ಗೂಡಿನಲ್ಲಿ ಬೀಡಿ ಸೇದುತ್ತಿದ್ದರು. ಅಕ್ಕ ಕಟ್ಟಿಟ್ಟಿದ್ದ ಬೀಡಿ. ನನ್ನನ್ನು ಕಂಡು ಕಾಲಡಿ ಹಾಕಿ ಹೊಸಕಿ, "ಎಂತ ನೋಡ್ತಿ? ಓದ್ಲಿಕ್ಕಿಲ್ವಾ ನಿಂಗೆ?" ಎಂದರು. ನಾನು ಓದಲಿಕ್ಕೆ ಹೋದೆ.

ಉರ್ವದಿಂದ ಸುದ್ದಿ ಬರಲಿಲ್ಲ. ಸುದ್ದಿ ತಂದವಳು ಐಸಮ್ಮ.

ಬುಟ್ಟಿ ಒಯ್ಯಲು ಬಂದವಳು ಹಿತ್ತಿಲ ಬಾಗಿಲಿನಿಂದ ನೇರ ನಡುಕೋಣೆಗೆ ಬಂದಳು. ಕಿಟಕಿಯ ಬಳಿ ಕುಳಿತಿದ್ದ ಅಕ್ಕನ ಕೈ ನೋಡಿ ನಿಂತೇಬಿಟ್ಟಳು. "ಅಲ್ಲ ಮಾರಾಯ್ತಿ, ಉರ್ವದವರು ನೋಡ್ಲಿಕ್ಕೆ ಬಂದದ್ದು ನಿನ್ನನ್ನಾ?"

ಐಸಮ್ಮನ ತಂಗಿ ನಫೀಸಾಳನ್ನು ಉರ್ವಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ನಮ್ಮ ಬೀಡಿಯನ್ನು ಐಸಮ್ಮ ಒಯ್ಯುವ ಹಾಗೆ, ಅಲ್ಲಿ ಒಂದು ದೊಡ್ಡ ಮನೆಯ ಬೀಡಿಯನ್ನು ನಫೀಸಾ ಗುಟ್ಟಿನಲ್ಲಿ ಬ್ರಾಂಚಿಗೆ ಒಯ್ಯುತ್ತಿದ್ದಳು. ಆ ಮನೆ ಹುಡುಗನ ಮನೆ. ಮಗನ ಸಂಬಳ ಸಾಲದೆ ತಾಯಿ ಕಿಟಕಿ ಮುಚ್ಚಿಕೊಂಡು ಬೀಡಿ ಕಟ್ಟುತ್ತಿದ್ದರು. ಸೆರಗಿನೊಳಗಿನ ಬಲಗೈಯಲ್ಲಿ ಅಡಗಿದ್ದದ್ದು ಅಕ್ಕನದ್ದರ ಹಾಗೆ ಹಳದಿಗಟ್ಟಿದ ಹೆಬ್ಬೆರಳು.

"ಅವರು ನಫೀಸಾನತ್ರ ಎಂತ ಹೇಳಿದ್ದು ಗೊತ್ತುಂಟಾ ಅಮ್ಮ?" ಐಸಮ್ಮ ಅಮ್ಮನ ಕಡೆ ತಿರುಗಿದಳು. "ಹುಡುಗಿ ಚಂದ ಉಂಟು, ಮಗನಿಗೂ ಮನಸ್ಸುಂಟು. ಆದ್ರೆ ಅಂಥ ಉಗುರಿನವಳು ನನ್ನೊಟ್ಟಿಗೆ ಗೆರಸೆ ಮುಂದೆ ಕೂರ್ತಾಳಾ? ನಮ್ಗೆ ಬೇಕಾದ್ದು ಬೀಡಿ ಕಟ್ಟುವ ಹುಡುಗಿ, ಅದನ್ನು ಬಾಯಿ ಬಿಟ್ಟು ಕೇಳ್ಲಿಕ್ಕಾಗ್ತದಾ ಅಂತ. ಮೊನ್ನೆಯೇ ಬೇರೆ ಕಡೆ ವೀಳ್ಯ ಕೊಟ್ಟು ನಿಶ್ಚಯ ಆಯ್ತಂತೆ. ನನ್ನತ್ರ ಒಂದು ಮಾತು ಕೇಳ್ಬಾರ್ದಿತ್ತಾ? ಇವಳ ಕೈಯ ಬೀಡಿ ಬ್ರಾಂಚಿನಲ್ಲಿ ಒಂದೂ ವಾಪಸ್ ಬರುದಿಲ್ಲ. ಅದು ಗೊತ್ತಾಗಿದ್ರೆ ಅಂದೇ ಕರ್ಕೊಂಡು ಹೋಗ್ತಿದ್ರು."

ಇಷ್ಟೂ ಮಾತು ಜಗಲಿಗೆ ಕೇಳಿಸುತ್ತಿತ್ತು. ಅಪ್ಪ ಪೇಪರಿನ ಹಾಳೆ ತಿರುವಿದ ಸದ್ದು ನಮಗೂ ಕೇಳಿಸಿತು.

ಎರಡು ಮನೆಗಳು ಎದುರುಬದುರು ಕೂತು ಒಬ್ಬರಿಗೊಬ್ಬರು ಕೈ ಅಡಗಿಸಿದ್ದವು. ಅಕ್ಕನ ಬರಿಗೈ ಕಂಡಿದ್ದರೆ ಸಾಕಿತ್ತು. ಆ ಮನೆಯಲ್ಲಿಯೂ ಕಿಟಕಿ ಮುಚ್ಚಿಯೇ ಇರುತ್ತಿತ್ತು ಅನ್ನುವುದು ಬೇರೆ ಮಾತು. ಆದರೂ ರೇಡಿಯೋ ಕೇಳುತ್ತೀರಾ ಎಂದು ಕೇಳುವ ಒಬ್ಬ ಮನುಷ್ಯ ಒಳಗೆ ಇರುತ್ತಿದ್ದ.

ಅಕ್ಕ ಎದ್ದಳು. ಕಿಟಕಿ ಹಾಕಿದಳು. ಹಿತ್ತಿಲ ಕೋಣೆಯಿಂದ ಗೆರಸೆ ತಂದು ತನ್ನ ಹಳೆಯ ಜಾಗದಲ್ಲಿಟ್ಟು ಅದರೆದುರು ಕುಳಿತಳು. ನಾನು ಓಡಿಹೋಗಿ ಒಲೆಯ ಮೇಲೆ ನೀರಿಟ್ಟೆ. "ಅಕ್ಕ, ಸ್ವಲ್ಪ ನಿಲ್ಲು, ನೀರು ಬಿಸಿಯಾಗ್ತಾ ಉಂಟು. ಮಾಮಿ ಹೇಳಿದ್ದಾರಲ್ಲ, ಎಳೀಬಾರ್ದು."

"ಇನ್ನು ಎಷ್ಟು ಕಾಯುದು?" ಎಂದಳು ಅಕ್ಕ.

ಕಿರುಬೆರಳಿನಿಂದ ಶುರು ಮಾಡಿ ಒಂದೊಂದಾಗಿ ಕಿತ್ತಳು. ಅಳಲಿಲ್ಲ. ಅಮ್ಮ ಬೇಡ ಬೇಡ ಎಂದು ಕೈ ಹಿಡಿದರೆ ಕೊಡವಿದಳು. ಬಲ ಹೆಬ್ಬೆರಳಿನದ್ದು ಗಟ್ಟಿ ಕೂತಿತ್ತು. ತಗಡಿನ ಅಡಿಯಲ್ಲಿ ಸವೆದು ತೆಳ್ಳಗಾದ ಉಗುರು ಅದು. ಅದನ್ನು ಹಲ್ಲಿಗೆ ಕೊಟ್ಟು ಎಳೆದಳು. ಪ್ಲಾಸ್ಟಿಕ್ ಉಗುರು ಬಂತು, ಒಟ್ಟಿಗೆ ಅವಳದ್ದೂ ಬುಡದಿಂದ ಬಂತು. ಕತ್ತರಿಸಿಟ್ಟ ಎಲೆಗಳ ಮೇಲೆ ರಕ್ತ ಬಿತ್ತು. ಒಲೆಯ ಮೇಲೆ ನೀರು ಆಗಷ್ಟೇ ಬಿಸಿಯಾಗತೊಡಗಿತ್ತು.

ಅಮ್ಮ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದಳು. ಡಾಕ್ಟರ ಹತ್ತಿರ ಹೋಗುವುದು ಬೇಡ ಎಂದರು ಅಪ್ಪ. ಕೇಳಿದರೆ ಎಂತ ಹೇಳುವುದು ಎಂದು ಅವರ ಚಿಂತೆ. ಬೆರಳು ಕೀವು ಕಟ್ಟಿ, ಜ್ವರ ಬಂದು, ಅಕ್ಕ ನರಳತೊಡಗಿದ ಮೇಲೆ ಫಳ್ನೀರಿನ ಒಂದು ಕ್ಲಿನಿಕ್ಕಿಗೆ ರಿಕ್ಷಾದಲ್ಲಿ ಕರೆದುಕೊಂಡು ಹೋದರು. ನಾನೂ ಇದ್ದೆ. ಡಾಕ್ಟರು ಅಕ್ಕನನ್ನೇ ಕೇಳಿದರು, ಹೇಗಾಯಿತು? ಅಕ್ಕ ಬಾಯಿ ತೆರೆಯುವ ಮೊದಲು ಅಪ್ಪ ಹೇಳಿದರು, "ಬಾಗಿಲಿಗೆ ಸಿಕ್ಕಿತು." ಡಾಕ್ಟರು ಹಳದಿಗಟ್ಟಿದ ಬೆರಳುಗಳನ್ನು ತಿರುಗಿಸಿ ನೋಡಿ ಔಷಧಿ ಕಟ್ಟಿದರು.

ಆ ಉಗುರು ಮತ್ತೆ ಸರಿಯಾಗಿ ಬೆಳೆಯಲಿಲ್ಲ. ನಡುವೆ ಸೀಳಿ, ಒಂದು ಬದಿ ಮುದುಡಿಕೊಂಡು ಬಂತು. ತಗಡು ಅದರ ಮೇಲೆ ಕೂರುತ್ತಿರಲಿಲ್ಲ. ಅಕ್ಕ ತಗಡಿನ ಉಗುರನ್ನು ತೋರುಬೆರಳಿಗೆ ಬದಲಾಯಿಸಿಕೊಂಡು ಹೊಸದಾಗಿ ಕಲಿತಳು. ಎಂಬತ್ತರ ದಶಕವಿಡೀ ಆ ಬೆರಳಿನಿಂದಲೇ ಕಟ್ಟಿದಳು. ನನ್ನ ಟೀಚರ್ ಟ್ರೈನಿಂಗಿನ ಫೀಸು ಅದರಿಂದಲೇ ಆಯಿತು. ಅವಳಿಗೆ ಬೇರೆ ಸಂಬಂಧ ಬರಲಿಲ್ಲವೆಂದಲ್ಲ. ಬಂದಾಗಲೆಲ್ಲ, ಹುಡುಗನ ಕಡೆಯವರು ಕೈ ನೋಡುತ್ತಾರಲ್ಲ ಎಂದು ಅಪ್ಪ ಮುಂದೆ ಹಾಕಿದರು. ಸಂಪಾದಿಸುವ ಕೈ ಹೊರಟುಹೋದರೆ ಎಂಬ ಲೆಕ್ಕವೂ ಅವರ ತಲೆಯಲ್ಲಿ ಇತ್ತೆಂದು ನನಗೆ ಅನುಮಾನ. ಅನುಮಾನ ಏನು ಬಂತು, ಇತ್ತು.

ಅಪ್ಪ ತೀರಿಕೊಂಡಾಗ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಊಟಕ್ಕೆ ಮೊದಲು ನೆಂಟರಲ್ಲೊಬ್ಬರು ನಿಂತು ನುಡಿನಮನ ಹೇಳಿದರು. ಗದ್ದೆ ಹೋದರೂ ಗತ್ತು ಬಿಡಲಿಲ್ಲ, ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕಳುಹಿಸದೆ ರಾಣಿಯರ ಹಾಗೆ ಸಾಕಿದರು ಎಂದರು. ಬಾಳೆಲೆ ಹಾಕುತ್ತಿದ್ದ ಅಕ್ಕ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ತಲೆತಗ್ಗಿಸಿ ಕೇಳಿದಳು. ನನಗೆ ಎದ್ದು ಎರಡು ಮಾತು ಹೇಳಬೇಕೆನಿಸಿತ್ತು. ಅಕ್ಕ ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದಳು.

ಈಗ ಸೋಫಾದ ಮೇಲೆ ಕುಳಿತ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ನಾನು ಬಿಸಿನೀರು ತರುವಷ್ಟರಲ್ಲಿ ವಾರಿಜಕ್ಕ ಎದ್ದು ಹೋಗಿ ಕಿಟಕಿ ಹಾಕಿ ಬಂದು ಪ್ರೇಕ್ಷಾಳ ಎದುರು ಕುಳಿತಿದ್ದಳು. ಬಟ್ಟಲು ನನ್ನ ಕೈಯಿಂದ ತೆಗೆದುಕೊಂಡಳು. ಮಗಳ ಬೆರಳುಗಳನ್ನು ನೀರಿನಲ್ಲಿ ಅದ್ದಿ ಹಿಡಿದಳು. ಆರಿದರೆ ಬಿಸಿನೀರು ಸೇರಿಸಿದಳು, ಎಣ್ಣೆ ಬಿಟ್ಟಳು, ಪುನಃ ಅದ್ದಿದಳು. ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು. ಉಗುರುಗಳು ತಾವಾಗಿ ಕಳಚಿ ಬಂದವು, ಅಡಿಯ ಉಗುರಿಗೆ ಒಂದು ಗೀರೂ ಬೀಳಲಿಲ್ಲ.

"ದೊಡ್ಡಮ್ಮ, ನಿಮ್ಮ ಈ ಉಗುರಿಗೆ ಎಂತ ಆದದ್ದು?" ಎಂದು ಕೇಳಿದಳು ಮಗಳು.

ಅಕ್ಕ ನನ್ನ ಕಡೆ ನೋಡಲಿಲ್ಲ. "ಬಾಗಿಲಿಗೆ ಸಿಕ್ಕಿತು ಮಗಾ."

ಅಪ್ಪನ ಅದೇ ಮಾತು, ಅಪ್ಪನದ್ದೇ ಧಾಟಿ.

"ಮತ್ತೆ ಈ ಸೆಕೆಯಲ್ಲಿ ಕಿಟಕಿ ಯಾಕೆ ಹಾಕಿದ್ರಿ?" ಮಗಳು ಬೆವರು ಒರೆಸಿಕೊಂಡಳು.

"ದಾರಿಯಲ್ಲಿ ಹೋಗುವವರು ನೋಡ್ತಾರೆ."

"ಐದನೇ ಮಾಳಿಗೆ ದೊಡ್ಡಮ್ಮ. ಯಾರು ನೋಡುದು? ಕಾಗೆಯಾ?"

ಮಗಳು ನಕ್ಕಳು, ಅಕ್ಕನೂ ಅವಳ ಜೊತೆ ಸ್ವಲ್ಪ ನಕ್ಕಳು. ನಾನು ಎದ್ದು ಹೋಗಿ ಕಿಟಕಿಯ ಎರಡೂ ಬಾಗಿಲುಗಳನ್ನು ಪೂರ್ತಿ ತೆರೆದೆ. ಬಟ್ಟಲಿನ ನೀರು ಚೆಲ್ಲಿ ಅಡುಗೆಮನೆಯಿಂದ ವಾಪಸು ಬರುವಷ್ಟರಲ್ಲಿ ಅಕ್ಕ ಅದನ್ನು ಪುನಃ ಹಾಕಿದ್ದಳು.